ಹಿಂದಿಂದ ಕರೀಬಾರದು

ನನ್ನ ಬಾಳಿನಾಗ ನಗೂವಂಥಾದ್ದು ಏನ ಆಗಿದ್ರೂ ಹಿಂದಗಡೆನ ಆಗೇತಿ. ಮುಂದ ಆಗಿದ್ರ ನೋಡಿ ತಪ್ಪಿಸಿಕೊಳ್ಳತಿದ್ದೆ. ಶಾಲ್ಯಾಗ ಹಿಂದಿನ ಸಾಲು. ಅಲ್ಲಿಂದ ಬಾಗಿಲ ಸಮೀಪ ಇತ್ತು, ಒಂದಿನ ಹೊರಗ ಬಂದೆ, ತಿರುಗಿ ಹೋಗಲಿಲ್ಲ. ಕೆಲಸನೂ ಹಿಂದಿಂದ. ಮುಂಬೈಯಾಗ ಟೆಂಪೋ ಹೆಲ್ಪರ್. ಗಾಡಿ ರಿವರ್ಸ್ ಬರುವಾಗ ಹಿಂದ ನಿಂತು "ಆನೇ ದೋ, ಆನೇ ದೋ" ಅನ್ನೂದು, ಆಮ್ಯಾಲೆ ಸಾಮಾನ ಇಳಸೂದು.

ಹೆಂಡತಿ ತೀರಿಕೊಂಡು ಇನ್ನೂ ವರ್ಷ ಆಗಿಲ್ಲ. ಊರಿಂದ ಅಣ್ಣ ಫೋನ್ ಹಚ್ಚಿದಾಗೆಲ್ಲ ಒಂದ ಮಾತು. "ಆಕಿ ಹ್ವಾದಳು. ಇನ್ನ ಆ ಧಾರಾವಿಯೊಳಗ ನಿನ್ನ ಹಿಂದ ಯಾರ ಅದಾರೋ? ಊರಿಗೆ ಬಂದಬಿಡು." ಮಗ ಅದಾನ, ಸೊಸಿ ಅದಾಳ. ಅವರು ತಮ್ಮ ತಮ್ಮ ಡ್ಯೂಟಿ ಹಿಂದ ಓಡ್ಯಾಡತಾರ. ವಿಚಾರ ಮಾಡತೇನಿ ಅಂದೆ ಅಣ್ಣಗ. ನನ್ನ ವಿಚಾರ ನಿಧಾನ.

ಕಪಾಟು

ಸಯನ್‌ದಾಗ ಒಂದು ಬಿಲ್ಡಿಂಗ್. ಕಪಾಟು ಲಿಫ್ಟಿನ್ಯಾಗ ಹಿಡಿಸಲಿಲ್ಲ. ಮೆಟ್ಟಲ ಮ್ಯಾಲೆ ಹೊತ್ತಿವಿ. ಮುಂದ ನಮ್ಮ ಕಡೆಯವನ ಒಬ್ಬ ಹಮಾಲ, ಹಿಂದ ನಾನು. ಏರುವಾಗ ಭಾರ ಎಲ್ಲಾ ಹಿಂದಿನವನ ಮ್ಯಾಲೆ ಬೀಳತೈತಿ ಅಂತ ಆಂವಗ ಗೊತ್ತಿತ್ತು. ಅದಕ್ಕ ಮುಂದ ಹೋಗಿದ್ದ.

ತಿರುವಿನ್ಯಾಗ ಕಪಾಟು ಸಿಕ್ಕಿಬಿತ್ತು. "ಹಿಂದ ಸರಿಯೋ" ಅಂದ. "ಹಿಂದ ಗ್ವಾಡಿ ಐತಿ" ಅಂದೆ.

ಬಾಜೂ ಬಾಗಿಲ ತಗೀತು. ವಯಸ್ಸಾದ ಮಾಸ್ತರೊಬ್ಬರು. ನಮ್ಮ ಕನ್ನಡ ಕೇಳಿ ಭಾಳ ಖುಷಿ ಆತು ಅವರಿಗೆ. "ಹಿಂದ ಅಂದ್ರೆಲ್ಲ, ಅದು ಎಲ್ಲಿಂದ ಬಂತು ಗೊತ್ತೇನ್ರಪಾ?" ಅಂದ್ರು. ಗೊತ್ತಿಲ್ಲರಿ ಅಂದೆ. ಗೊತ್ತೈತಿ ಅಂದಿದ್ರ ಪಾರಾಗತಿದ್ದೆ.

ಹಳಗನ್ನಡದಾಗ ಅದು ಪಿಂತೆ, ಪಿಂದೆ ಅಂತ ಇತ್ತಂತ. ಆಮ್ಯಾಲೆ ಪ ಹೋಗಿ ಹ ಬಂತಂತ, ಪಾಲು ಹಾಲು ಆದಂಗ. ಮನಿ ಹಿಂದಿನ ಹಿತ್ತಲನೂ ಅದರ ಬಳಗಂತ. ಬೆನ್ನ ಕಡೆ ಇರೂದೂ ಹಿಂದ, ಆಗಿಹೋದ ಕಾಲನೂ ಹಿಂದ, ಆಸರಕ್ಕ ನಿಲ್ಲೂದೂ ಹಿಂದ. ಅವರು ಹೇಳತಾ ಹೋದ್ರು. ನಾ ಒಂದ ಭುಜದಿಂದ ಇನ್ನೊಂದ ಭುಜಕ್ಕ ಭಾರ ಬದಲಿಸಿದೆ.

ಮ್ಯಾಲಿಂದ ಹಮಾಲ ಕೇಳಿದ, "ಏನಂತೋ?"

"ಮೊದಲ ಪ ಇತ್ತಂತ. ಈಗ ಹ ಆಗೇತಂತ. ಕಪಾಟ ಮಾತ್ರ ಇದ್ದಲ್ಲೇ ಐತಿ."

ಗಾಡಿ ಹಿಂದ

ಮಲಾಡ್ ಮಾರ್ಕೆಟ್. ಚಾ ಕುಡದು ಬಂದೆ. ಟೆಂಪೋ ರಿವರ್ಸ್ ಬರಾಕ ಹತ್ತಿತ್ತು. ಹಿಂದ ಹೋಗಿ ನಿಂತೆ. ತಟ್ಟಿದೆ, ಒದರಿದೆ, ಒಂದು ಆಟೋ ಸರಿಸಿದೆ, ಇಬ್ಬರ ಕೂಡ ಜಗಳಾ ಮಾಡಿದೆ. ಗಾಡಿ ಚಂದಂಗ ಜಾಗಕ್ಕ ಹಚ್ಚಿಸಿದೆ. ಅಷ್ಟ ಚಂದ ಯಾವತ್ತೂ ಹಚ್ಚಿಸಿರಲಿಲ್ಲ.

ಫೋನ್ ಬಂತು. ನಮ್ಮ ಡ್ರೈವರ್. "ಕಿಧರ್ ಹೈ ರೇ?"

"ಗಾಡಿ ಕೇ ಪೀಛೇ." ಗಾಡಿ ಹಿಂದ ಅಂದೆ.

"ಗಾಡಿ ಕೇ ಪೀಛೇ ತೋ ಮೈಂ ಖಡಾ ಹೂಂ."

ಡಬ್ಬಿ

ನಮ್ಮ ಗಲ್ಲಿ ಒಬ್ಬರು ಹೋಗೂವಷ್ಟ ಅಗಲ. ಎದುರಿಗೆ ಯಾರರ ಬಂದ್ರ ಯಾರದರ ಹೊಸ್ತಿಲ ಏರಿ ನಿಂದ್ರಬೇಕು. ಕೆಲಸಕ್ಕ ಹೊಂಟವರನ್ನ ಹಿಂದಿಂದ ಕರೀಬಾರದು, ಕರದ್ರ ಕೆಲಸ ಕೆಡತೈತಿ ಅಂತ ಹೆಂಡತಿದು ಶಾಸ್ತ್ರ. ನಾ ದಿನಾ ಏನರ ಮರಿಯೂ ಮನಷ್ಯಾ. ಕರಿಯೂ ಹಂಗಿಲ್ಲ, ನನ್ನ ದಾಟಿ ಮುಂದ ಬರಾಕ ಜಾಗ ಇಲ್ಲ. ಅದಕ್ಕ ಆಕಿ ಬಾಜೂ ಗಲ್ಲಿ ಹಿಡದು ಓಡಿ, ಗಲ್ಲಿ ತುದಿಗೆ ನಳದ ಹತ್ತರ ನನ್ನ ಎದುರಿಗೆ ಬಂದು ನಿಲ್ಲತಿದ್ದಳು. ತೇಕತಿದ್ದಳು. ಕೈಯಾಗ ನನ್ನ ಊಟದ ಡಬ್ಬಿ.

"ಒಂದ ಸಲ ಏನ್ರಿ ಅಂದಿದ್ರ ಹೊಳ್ಳಿ ನೋಡತಿದ್ದೆ."

"ನೋಡತಿದ್ರಿ. ಕೆಲಸ ಕೆಡತಿತ್ತು."

"ಗಾಡಿ ಹಿಂದ ನಿಲ್ಲೂ ಕೆಲಸ. ಅದರಾಗ ಏನ ಕೆಡತೈತಿ?"

"ಗಾಡಿ ಹಿಂದ ನಿಲ್ಲಾವರದ ಕೆಡಬಾರದು."

ಒಂದಿನ ಡಬ್ಬಿ, ಟವೆಲ್, ಫೋನ್, ಎಲ್ಲಾ ನೆನಪಿಟ್ಟು ತಗೊಂಡೆ. ಭಾರೀ ಠೀವಿಲೇ ಹೊಂಟೆ. ನಳದ ಹತ್ತರ ನೋಡಿದ್ರ ಆಕಿ ನಿಂತಾಳ. ಬರಿಗೈ.

"ಇವತ್ತ ಏನ ಮರತೆ?"

"ಏನೂ ಮರತಿಲ್ಲ. ಅದಕ್ಕ ಬಂದೆ. ಮೈಯಾಗ ಆರಾಮ ಐತಿಲ್ಲೋ?"

ಕಾಯಿಪಲ್ಲೆ

ಸಂತ್ಯಾಗ ಆಕಿ ನನ್ನ ಹಿಂದ ಬರಾಕಿ. ನಾ ಹೊಳ್ಳಿ ನೋಡದ ಕೇಳತಿದ್ದೆ, ಆಕಿ ಹೇಳತಿದ್ದಳು. ಆಕಿ ಹೋದ ಮ್ಯಾಲೂ ಬಾಯಿ ರೂಢಿ ಬಿಡಲಿಲ್ಲ. "ಮೆಂತೆ ತಗೊಳ್ಳಲೇನ?" ಅಂದೆ, ಸುಮ್ಮನ.

"ಬ್ಯಾಡ, ಬಾಡೇತಿ" ಅಂತ ಹಿಂದಿಂದ ಬಂತು.

ಕೈಯಾಗಿನ ಮೆಂತೆ ಕೆಳಗ ಇಟ್ಟೆ. ಆದ್ರೂ ಹೊಳ್ಳಿ ನೋಡಲಿಲ್ಲ. ನೋಡಿದ್ರ ದನಿ ನಿಂತಬಿಡತೈತಿ ಅನಿಸಿತು. "ಬದನಿಕಾಯಿ?" "ಸಣ್ಣವು ಆರಸ್ರಿ." ಹಂಗ ಕೇಳಿಕೋತ ಇಡೀ ಸಾಲು ಮುಗಸಿದೆ. ಕಡಿಗೆ ಹೊಳ್ಳಿದೆ. ಯಾರೋ ಹೆಣ್ಣಮಗಳು, ಚೀಲ ಹಿಡದು ನಿಂತಿದ್ದಳು.

"ನೀವು ಕೇಳಿದ್ರಿ, ನಾ ಹೇಳಿದೆ" ಅಂದಳು. ಸಿಟ್ಟೇನೂ ಇರಲಿಲ್ಲ.

ಮನಿಗೆ ಬಂದು ಚೀಲ ಸುರುವಿದೆ. ಸೊಸಿ ಇಲ್ಲೇ ಹುಟ್ಟಿ ಬೆಳದಾಕಿ. ಕನ್ನಡದಾಗ ಸುರು ಮಾಡಿದ್ದು ಹಿಂದಿಯೊಳಗ ಮುಗೀತೈತಿ. "ಮಾವಾ, ಪೈಲಾ ಸಲ ಚಲೋ ಸಬ್ಜಿ ಲಾಯೇ ಆಪ್" ಅಂದಳು.

ಚಪ್ಪಲಿ

ಆ ದಿನದಿಂದ ಧೈರ್ಯ ಹೋತು. ಹಿಂದ ಖಾಲಿ ಐತಿ ಅಂತ ಖರೇನ ತಿಳೀತು. ಬರತೇನಿ ಅಂದೆ ಅಣ್ಣಗ. ಮನಿಯಾಗ ಹೇಳಿದೆ. ಮಗ ಗಾಡಿ ಎಷ್ಟಕ್ಕ ಅಂತ ಕೇಳಿದ. ಸೊಸಿ ಹಿಟ್ಟು ನಾದಿಕೋತ ಕುಂತಳು. ಇವರಿಗೂ ಅದ ಬೇಕು ಅಂದಕೊಂಡೆ.

ಮಗ ಡ್ಯೂಟಿಗೆ ಹೋದ ಮ್ಯಾಲೆ ಚೀಲ ತಗೊಂಡು ಹೊಂಟೆ. ಗಲ್ಲ್ಯಾಗ ಹೆಜ್ಜಿ ಸರಿ ಬೀಳವಲ್ದು. ಹಿಮ್ಮಡ ಚಪ್ಪಲಿ ಬಿಟ್ಟು ಹಿಂದ ಹೊರಗ ಬಂದಿದ್ವು. ದುಃಖಕ್ಕ ಕಾಲು ಬಾತಾವ ಅಂದಕೊಂಡೆ. ಹಿಂದಿಂದ ಯಾರೂ ಕರೀಲಿಲ್ಲ. ನಳದ ಹತ್ತರ ತಡದೆ. ರೂಢಿ.

ಬಾಜೂ ಗಲ್ಲಿಯಿಂದ ಸೊಸಿ ಓಡಿ ಬಂದು ಎದುರಿಗೆ ನಿಂತಳು. ತೇಕತಿದ್ದಳು. ಬರಿಗಾಲು. ಪಾದಕ್ಕೆಲ್ಲ ರಾಡಿ.

"ಬ್ಯಾಡವಾ, ತಡೀಬ್ಯಾಡ" ಅಂದೆ. "ಬರಿಗಾಲಲೇ ಓಡಿ ಬಂದೆಲ್ಲ, ನನಗ ಅಷ್ಟ ಸಾಕು."

ಆಕಿ ಉಸಿರು ಹಿಡದಳು. "ಮಾವಾ, ವೋ... ಮೇರೀ ಚಪ್ಪಲ್. ನಿಮ್ಮ ಕಾಲಾಗ ಐತಿ."

ಕೆಳಗ ನೋಡಿದೆ. ಗುಲಾಬಿ ಪಟ್ಟಿ. ಮ್ಯಾಲೊಂದು ಹೂವು. ನಳಕ್ಕ ನಿಂತ ಹೆಣ್ಣಮಕ್ಕಳು ಕೊಡದ ಹಿಂದ ಮಾರಿ ಮುಚ್ಚಿಕೊಂಡ್ರು.

"ಹಿಂದಿಂದ ಒದರಬೇಕಿಲ್ಲೇನವಾ?"

"ಅತ್ತಿ ಹೇಳಿದ್ರು, ಹಿಂದಿಂದ ಕರೀಬಾರದು." ಚಪ್ಪಲಿ ಮೆಟ್ಟಿಕೊಂಡಳು. ನನ್ನ ಕೈಯಾಗಿನ ಚೀಲನೂ ತಗೊಂಡಳು. "ಅಬ್ ಮೈಂ ಅಡ್ಡ ಬಂದೇನಿ. ವೋ ಭೀ ಅಪಶಕುನ. ಆಜ್ ನಹೀಂ ಜಾನೇ ಕಾ. ನಾಳೆ ನೋಡೂಣು." ಆ ನಾಳೆ ಬಂದಾಗೂ ಹಂಗ ಅಂದಳು. ಮರುದಿನಾನೂ.

ಅವತ್ತ ನಾ ಇನ್ನೂ ಅಲ್ಲೇ ಬರಿಗಾಲಲೇ ನಿಂತಿದ್ದೆ. ಅಣ್ಣನ ಫೋನ್ ಬಂತು.

"ಗಾಡಿ ಹತ್ತಿದೇನೋ?"

"ಇಲ್ಲಣ್ಣಾ."

"ಯಾಕೋ? ಹಿಂದಿಂದ ಯಾರರ ಕರದ್ರೇನು?"

"ಹಿಂದಿಂದ ಯಾರೂ ಕರೀಲಿಲ್ಲ. ಮುಂದ ಬಂದು ಚಪ್ಪಲಿ ಕಸಗೊಂಡ್ರು."