ನಮ್ಮ ಮಾವನ ಮೂರು ಶಿಫ್ಟು

ನಿಮ್ಮ ಮನೆಯ ನಲ್ಲಿ ಕೆಟ್ಟರೆ ದಯವಿಟ್ಟು ನಮ್ಮ ಸೋದರಮಾವನಿಗೆ ಫೋನ್ ಮಾಡಬೇಡಿ! ನಲ್ಲಿ ಖಂಡಿತ ಸರಿಹೋಗುತ್ತದೆ. ಆದರೆ ಸರಿ ಮಾಡಿದವನು ನಿಮ್ಮ ಮನೆಯಿಂದ ಏಳುತ್ತಾನೆ ಎಂಬ ಖಾತ್ರಿಯಿಲ್ಲ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಆ ಫೋನ್ ಎತ್ತುವವಳೇ ನಾನು.

ಮಾವ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ರಿಪೇರಿ ವಿಭಾಗದ ಶಿಫ್ಟ್ ಇನ್‌ಚಾರ್ಜ್ ಆಗಿದ್ದವರು. ಕಾರ್ಖಾನೆ ನಿಂತಿತು, ಮಾವ ನಿಲ್ಲಲಿಲ್ಲ. ಕಾಗದನಗರದ ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗಕ್ಕೆ ಬಂದು, ಗಾಂಧಿ ಬಜಾರ್‌ನ ಒಂದು ಓಣಿಯಲ್ಲಿ ಬಾಡಿಗೆ ಕೋಣೆ ಹಿಡಿದು, ಮನೆ ಬಾಗಿಲಿಗೇ ರಿಪೇರಿ ಎಂದು ಬೋರ್ಡು ಹಾಕಿದರು. ಇರುವವರು ಇಬ್ಬರು ಪ್ಲಂಬರ್, ಒಬ್ಬ ಎಲೆಕ್ಟ್ರಿಷಿಯನ್. ಶಿಫ್ಟು ಮಾತ್ರ ಮೂರು! ರಾತ್ರಿ ಶಿಫ್ಟಿಗೆ ಯಾರು ಅಂತೀರಾ? ಯಾರೂ ಇಲ್ಲ. ಆದರೂ ಶಿಫ್ಟ್ ಇದೆ.

ಶಿಫ್ಟು ಬದಲಾದಾಗ ಕೂಗಲೆಂದು ಗುಜರಿಯಿಂದ ಒಂದು ಸೈರನ್ ತಂದು ಬಾಗಿಲ ಮೇಲೆ ಕಟ್ಟಿಸಿದರು. ಮೊದಲ ದಿನ ಅದು ಕೂಗಿಕೊಂಡಾಗ ಎದುರಿನ ಅಂಗಡಿಯಲ್ಲಿ ಸೀರೆ ನೋಡುತ್ತಿದ್ದ ಹೆಂಗಸರೆಲ್ಲ ದಡಬಡ ಬೀದಿಗೆ ಬಂದರು. ಅಂಗಡಿಯವರು ಬಂದು, "ಸಾಬ್, ನಿಮ್ಮ ಸಿಸ್ಟಮ್ಮು ನನ್ನ ಗಿರಾಕಿನೆಲ್ಲ ಓಡಿಸ್ಬಿಡ್ತು" ಎಂದು ಕೈಮುಗಿದರು. ಮಾವನಿಗೆ ಅದೂ ಹೆಮ್ಮೆಯೇ! "ನೋಡ್ದ್ಯೇನೇ, ಒಬ್ರೂ ಒಳಗೆ ಉಳೀಲಿಲ್ಲ. ಫೈರ್ ಡ್ರಿಲ್ ಅಂದ್ರೆ ಹಿಂಗಿರ್ಬೇಕು!"

ಕಾರ್ಖಾನೆಯಲ್ಲಿ ಮುಂದಿನ ಶಿಫ್ಟಿನವನು ಬಂದು ಕೆಲಸ ವಹಿಸಿಕೊಳ್ಳುವವರೆಗೆ ಯಾರೂ ಜಾಗ ಬಿಡುವಂತಿಲ್ಲವಂತೆ. ಅದೇ ಕಟ್ಟಳೆ ಇಲ್ಲಿಗೂ ಬಂತು. ಪ್ಲಂಬರ್ ಬೆಳಿಗ್ಗೆಯೇ ನಲ್ಲಿ ಸರಿಮಾಡಿ ಒಬ್ಬರ ಮನೆಯ ಜಗಲಿಯಲ್ಲಿ ಕೂತ. ಮನೆಯಾಕೆ ಫೋನ್ ಮಾಡಿದರು. "ಇವ್ರು ಯಾವಾಗ ಹೋಗ್ತಾರಮ್ಮ?"

"ಎರಡನೇ ಶಿಫ್ಟಿನವ್ರು ಬಂದ ತಕ್ಷಣ ಮೇಡಂ."

"ನಲ್ಲಿ ಸರಿಹೋಗಿದ್ಯಲ್ಲ ಮಾರಾಯ್ತಿ! ಇನ್ನೊಬ್ರು ಬಂದು ಏನ್ಮಾಡ್ತಾರೆ?"

ಇನ್ನೊಬ್ಬ ಬಂದ, ಸರಿಯಾಗಿದ್ದ ನಲ್ಲಿಯನ್ನು ವಹಿಸಿಕೊಂಡ, ಅದೇ ಜಗಲಿಯಲ್ಲಿ ಕೂತ. ಅವನಿಗೂ ಊಟ ಹಾಕಿದ ಆ ಮಹಾತಾಯಿಗೆ ನಮಸ್ಕಾರ!

ಇನ್ನು ಕರೆಂಟಿನ ಕೆಲಸವಾದರೆ, ನಡುವೆ ಯಾರೂ ಕರೆಂಟ್ ಹಾಕದಂತೆ ಮೇನ್ ಸ್ವಿಚ್ಚಿಗೆ ನಮ್ಮ ಬೀಗ ಬೀಳಬೇಕು, ಕೀಲಿಕೈ ಕೆಲಸಗಾರನ ಜೇಬಿನಲ್ಲೇ ಇರಬೇಕು. ಒಮ್ಮೆ ಎಲೆಕ್ಟ್ರಿಷಿಯನ್ ಫ್ಯಾನ್ ಹಾಕಿ, ಬೀಗ ತೆಗೆಯುವುದನ್ನು ಮರೆತು, ಕೀಲಿಕೈ ಸಮೇತ ನೆಂಟರ ಮದುವೆಗೆ ಹೋಗಿಬಿಟ್ಟ! ಆ ಮನೆಯವರು ಬೈಯಲು ಫೋನ್ ಮಾಡುತ್ತಾರೆಂದು ನಾನು ಹೆದರಿ ಕೂತಿದ್ದರೆ, ಫೋನ್ ಮಾಡಿದ ಆ ಮನೆ ಯಜಮಾನರು ಖುಷಿಯಲ್ಲಿದ್ದರು. "ಟಿವಿ ಇಲ್ದೆ ನಮ್ಮನೆಯವ್ಳು ಸಂಜೆಯೆಲ್ಲ ನನ್ ಜೊತೆ ಮಾತಾಡಿದ್ಳು. ನಿಧಾನಕ್ಕೆ ಬರ‍್ಲಿ ಬಿಡಿ."

"ಯಾಕ್ ಮಾವ ಇಷ್ಟೆಲ್ಲ? ಇದು ಕಾರ್ಖಾನೆನಾ?" ಎಂದು ಒಂದು ದಿನ ರೇಗಿಬಿಟ್ಟೆ.

ಮಾವ ನಗಲಿಲ್ಲ. "ಅವ್ನು ಬರ್ತಾನಲ್ಲ" ಅಂದರು.

ಅವನೆಂದರೆ ಮಾವನ ಶಿಫ್ಟಿನ ಹೆಡ್ ಫಿಟ್ಟರ್. ಭದ್ರಾವತಿಯ ತಮಿಳಿನವರು. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ಅವರು ನಮ್ಮಲ್ಲಿಗೆ ಕೆಲಸಕ್ಕೆ ಬರಬೇಕೆಂಬುದು ಮಾವನ ಒಂದೇ ಆಸೆ. ಪ್ರತಿ ಸೋಮವಾರ ಫೋನ್ ಮಾಡುತ್ತಿದ್ದರು. ಆ ಕಡೆಯಿಂದ, "ಮುಂದಿನ ವಾರ ಸಾರ್." ಈ ಕಡೆಯಿಂದ, "ಆಯ್ತು ಮಾರಾಯ, ಕಾಯ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ಬಂದವ್ನು ಇದೇನು ಸಾರ್ ಕಿರಾಣಿ ಅಂಗಡಿ ಅನ್ಬಾರ್ದಮ್ಮ. ಕಾಲಿಟ್ಟ ತಕ್ಷಣ ನಮ್ಮ ಶಿಫ್ಟು ಅನ್ನಿಸ್ಬೇಕು" ಅನ್ನುತ್ತಿದ್ದರು. ಆಗ ನನಗೆ ಆ ಸೈರನ್ನಿನ ಮೇಲೂ ಸಿಟ್ಟು ಬರುತ್ತಿರಲಿಲ್ಲ.

ಹೋದ ತಿಂಗಳು ಆ ಹೆಡ್ ಫಿಟ್ಟರ್ ಅವರದೇ ಫೋನ್ ಬಂತು. "ಅಮ್ಮಾ, ಮಲವಗೊಪ್ಪದಿಂದ. ನಮ್ಮನೆ ನಲ್ಲಿ ಸೋರ್ತಾ ಇದೆ. ಸಾರ್‌ನೇ ಕಳಿಸಿ."

"ಅವನ ಮನೆ ನಲ್ಲಿ ಸೋರೋದಾ? ತಮಾಷೆ ಮಾಡ್ತಾನೆ, ಕೆಲಸಕ್ಕೆ ಒಪ್ಕೊಂಡ ಅಂತ ಕಾಣುತ್ತೆ!" ಎಂದು ಮಾವ ಹೊಸ ಶರ್ಟ್ ಹಾಕಿಕೊಂಡು, ನನ್ನನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟರು.

"ವಾಂಗ ಸಾರ್, ಬನ್ನಿ" ಎಂದು ಅವರು ಬಾಗಿಲು ತೆಗೆದರು. ಹಿತ್ತಿಲಲ್ಲಿ ನಲ್ಲಿ ನಿಜವಾಗಿಯೂ ತೊಟ್ಟಿಕ್ಕುತ್ತಿತ್ತು. ಮಾವ ಸ್ಪ್ಯಾನರ್ ಚಾಚಿ, "ತಗೊಳ್ಳಪ್ಪ ಹೆಡ್ ಫಿಟ್ಟರ್" ಅಂದರು. ಅವರು ಹಿಡಿಯಲು ಹೋದರು. ಎರಡೂ ಕೈ ಗಡಗಡ ನಡುಗುತ್ತಿದ್ದವು. ಸ್ಪ್ಯಾನರ್ ಕೆಳಗೆ ಬಿತ್ತು.

"ಬರೋಕಾಗಲ್ಲ ಅಂತ ಫೋನಲ್ಲಿ ಹೇಳೋಕೆ ಬಾಯಿ ಬರ‍್ಲಿಲ್ಲ ಸಾರ್" ಅಂದರು. "ನಲ್ಲಿ ಅಂದ್ರೆ ನೀವೇ ಬಂದು ನೋಡ್ತೀರಿ ಅಂತ..."

ಅಷ್ಟು ವರ್ಷ ಶಿಫ್ಟಿನವರಿಗೆಲ್ಲ ಆಜ್ಞೆ ಕೊಟ್ಟ ನಮ್ಮ ಮಾವ ಹೊಸ ಶರ್ಟಿನಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟರು. ಸ್ಪ್ಯಾನರ್ ಎತ್ತಿಕೊಂಡು ನಲ್ಲಿಗೆ ಹಾಕಿದರು. ನನಗೆ ಅಳು ತಡೆಯಲಾಗಲಿಲ್ಲ. ಹೆಡ್ ಫಿಟ್ಟರ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ, "ಎಡಕ್ಕೆ ಸಾರ್... ಇನ್ನೂ ಸ್ವಲ್ಪ... ಈಗ ವಾಷರ್ ಹಾಕಿ... ಬಿಗಿ ಮಾಡಿ... ಸಾಕು" ಅಂದರು.

ನೀರು ನಿಂತಿತು. ಅವರೂ ಮಾತು ನಿಲ್ಲಿಸಿದರು.

"ಹೇಳ್ತಾ ಇರು ಮಾರಾಯ" ಅಂದರು ಮಾವ, ನಲ್ಲಿಯಿಂದ ಕೈ ತೆಗೆಯದೆ.