ಆರುನೂರು ಪದಗಳ ತನಿಖೆ

"ಅರವತ್ತು ದಿನ, ಆರುನೂರು ಇಂಗ್ಲಿಷ್ ಪದ! ಆಮೇಲೆ ನಮ್ಮ ನಿಹಾರಿಕಾನ ಯಾವ ಸ್ಕೂಲು ಬೇಡ ಅನ್ನುತ್ತೋ ನಾನೂ ನೋಡ್ತೀನಿ!"

2006ರ ಜನವರಿಯ ಒಂದು ಬೆಳಿಗ್ಗೆ, ಮಲಯಾಳಿಗಳ ನಾಡಿನ ಶ್ರೀಕಾರ್ಯಂನ ಕ್ವಾರ್ಟರ್ಸಿನಲ್ಲಿ, ಇಂದುಮತಿ ಸೌಟೆತ್ತಿ ಮಾಡಿದ ಭೀಷ್ಮಪ್ರತಿಜ್ಞೆ ಇದು. ಗಂಡ ವಿಕಾಸ್ ಗೆಣಸಿನ ತಳಿಗಳ ವಿಜ್ಞಾನಿ.

"ಹತ್ತು ವರ್ಷದ ಮಗು ಕಣೇ. ಐಎಎಸ್‌ಗೆ ಕೂರಿಸ್ತಿದ್ದೀಯಾ?" ಎಂದ ಪೇಪರಿನ ಹಿಂದಿನಿಂದ.

"ಈಗಿನ ಸ್ಕೂಲು ಐದನೇ ಕ್ಲಾಸಿಗೇ ಮುಗಿಯುತ್ತೆ. ಕಾನ್ವೆಂಟಲ್ಲಿ ಇರೋದು ಇಪ್ಪತ್ತು ಸೀಟು, ಬರೋದು ಐನೂರು ಮಕ್ಕಳು! ಸಿಗದೇ ಹೋದ್ರೆ ನಿಮ್ಮ ಗೆಣಸಿನ ಹೊಲದಲ್ಲಿ ಕೂರಿಸ್ತೀರಾ?"

ವಿಕಾಸ್ ಪೇಪರಿನೊಳಕ್ಕೆ ಮರಳಿದ.

ಕಲಿಸಿದ ಪದಗಳಲ್ಲಿ ಸಂಜೆ ಕೇಳಬೇಕಾದ ಹತ್ತನ್ನು ಇಂದುಮತಿ ದಿನಾ ಮಧ್ಯಾಹ್ನ ಆರಿಸಿ, ಅರ್ಥಸಮೇತ, ತನ್ನ ಗುಟ್ಟುಗಳನ್ನೆಲ್ಲ ಬರೆಯುವ ಡೈರಿಯಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದಿಡುವಳು. ಇಡೀ ಬಿಲ್ಡಿಂಗಿನಲ್ಲಿ ಕನ್ನಡ ಓದಬಲ್ಲ ಇನ್ನೊಬ್ಬ ಪ್ರಾಣಿಯೆಂದರೆ ಗಂಡ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಮಾತ್ರ ಮಲಯಾಳಂನಲ್ಲಿ! ಇನ್ನು ಡೈರಿಗೆ ಬೀಗವೇಕೆ?

ಸಂಜೆ ಪರೀಕ್ಷೆ. ಹತ್ತಕ್ಕೆ ಹತ್ತು! ಮರುದಿನವೂ ಹತ್ತು! ಮೂರನೇ ವಾರದ ಹೊತ್ತಿಗೆ ಇಂದುಮತಿಯ ಸಂತೋಷ ಇಳಿದು ಅನುಮಾನ ಉಕ್ಕತೊಡಗಿತು. ಟಿಫಿನ್ ಡಬ್ಬಿಯನ್ನು ವಾರಕ್ಕೆರಡು ಸಲ ಸ್ಕೂಲಲ್ಲೇ ಮರೆತು ಬರುವ ಮಗು ಇದು!

ತನಿಖೆ ಶುರುವಾಯಿತು. ಅಂಗೈ ನೋಡಿದಳು, ರಬ್ಬರಿನ ಕವರು ಬಿಚ್ಚಿದಳು, ನಿಘಂಟನ್ನು ರೇಷ್ಮೆ ಸೀರೆಗಳಡಿ ಬಂಧನದಲ್ಲಿಟ್ಟಳು. ಮೇಲಿನ ಮನೆಯ ಅಕ್ಕ, ಪ್ರೇಮಾ ಚೇಚಿ, ಹೇಳಿಕೊಡುತ್ತಿರಬಹುದೆಂದು ಕಿಟಕಿ ಮುಚ್ಚಿದಳು. ಅಷ್ಟರಲ್ಲಿ ಗಂಡ ಕೆಮ್ಮಿದ.

"ಅದೇನು ಸಿಗ್ನಲ್ಲು?"

"ಕೆಮ್ಮು ಕಣೇ!"

"ಎರಡು ಸಲ ಯಾಕೆ ಕೆಮ್ಮಿದ್ರಿ? ನಡೀರಿ ಬಾಲ್ಕನಿಗೆ!"

ಕೆಮ್ಮು ಗಡೀಪಾರಾಯಿತು. ಆದರೂ ಹತ್ತಕ್ಕೆ ಹತ್ತು!

"ನಿಜ ಹೇಳು, ಹೇಗೆ ಬರುತ್ತೆ ಇಷ್ಟೆಲ್ಲ?"

"ಞಾನ್ ಪಠಿಚ್ಚಲ್ಲೋ, ಅಮ್ಮೇ!" ಓದಿದೆನಲ್ಲಾ ಎಂದು ಕಣ್ಣರಳಿಸಿದಳು ಮಗಳು.

ಪರೀಕ್ಷೆಗೆ ಹದಿನೈದು ದಿನ ಉಳಿದಾಗ ಇಂದುಮತಿ ಹೊಸ ಕಾನೂನು ತಂದಳು: ಅರ್ಥ ಸಾಲದು, ಸ್ವಂತ ವಾಕ್ಯವೂ ಬೇಕು. "ಹಿಪಾಕ್ರಿಟ್?"

ನಿಹಾರಿಕಾ ತಡಮಾಡಲಿಲ್ಲ. "ಮೈ ಮದರ್ ಈಸ್ ಎ ಹಿಪಾಕ್ರಿಟ್. ಶೀ ಪ್ರೇಯ್ಸ್ಡ್ ಪ್ರೇಮಾ ಆಂಟೀಸ್ ಪಾಯಸಂ ಅಂಡ್ ಗೇವ್ ಇಟ್ ಟು ದ ಬನಾನಾ ಟ್ರೀ!"

ಇಂದುಮತಿ ಕೂತಲ್ಲಿಂದ ಎದ್ದೇಬಿಟ್ಟಳು. ಪಾಯಸವನ್ನು ಬಾಯ್ತುಂಬ ಹೊಗಳಿ ಬಾಳೆಗಿಡದ ಬುಡಕ್ಕೆ ಸುರಿದದ್ದು ಜಗತ್ತಿನಲ್ಲಿ ಇಬ್ಬರಿಗೇ ಗೊತ್ತಿತ್ತು: ಬಾಳೆಗಿಡಕ್ಕೆ ಮತ್ತು ಡೈರಿಗೆ. ಬಾಳೆಗಿಡ ಬಾಯಿ ಬಿಡುವಂಥದ್ದಲ್ಲ!

"ನಿಂಗೆ ಕನ್ನಡ ಓದಕ್ಕೆ ಯಾರೇ ಕಲಿಸಿದ್ದು?"

ಬಾಲ್ಕನಿಯಿಂದ ಸಣ್ಣ ದನಿ ಬಂತು. "ಮೈಸೂರಿನ ಅಜ್ಜಿಗೆ ಕಾಗದ ಬರೀಬೇಕು ಅಂದ್ಲು ಕಣೇ... ಓಣಂ ರಜೇಲಿ ಗುಟ್ಟಾಗಿ ಕಲಿಸಿದೆ. ನಿಂಗೆ ಖುಷಿಯಾಗುತ್ತೆ ಅಂತ..."

ಅಮ್ಮ ಒಣಗಿದ ಬಟ್ಟೆ ತರಲು ಟೆರೇಸಿಗೆ ಹೋಗುವ ಹತ್ತು ನಿಮಿಷದಲ್ಲಿ ಮಗಳು ಡೈರಿ ಓದಿ ಮುಗಿಸುತ್ತಿದ್ದಳಂತೆ. ಇಂದುಮತಿ ಬೈಯಲೆಂದೇ ಹತ್ತಿರ ಬಂದಳು. ತನ್ನ ಅಕ್ಷರವನ್ನು ಮಗಳು ಓದಿದ್ದಾಳೆ! ಹೊಡೆಯಬೇಕೋ ಮುದ್ದಿಸಬೇಕೋ ತಿಳಿಯದೆ ಬಾಚಿ ತಬ್ಬಿಕೊಂಡಳು. ಆದರೆ ಸೀಟು? ಡೈರಿ ಬೀರುವಿನೊಳಗೆ ಹೋಯಿತು, ನಿಘಂಟು ಬಿಡುಗಡೆಯಾಯಿತು, ಪದಗಳನ್ನು ಮೊದಲಿಂದ ಉರುಹೊಡೆದದ್ದಾಯಿತು.

ಲಿಖಿತ ಪರೀಕ್ಷೆಯೇನೋ ದಾಟಿತು. ಸಂದರ್ಶನದ ದಿನ ಕಾನ್ವೆಂಟಿನ ಸಿಸ್ಟರ್ ಒಂದು ಹಾಳೆಯನ್ನು ತಾಯಿಯ ಮುಂದಿಟ್ಟರು: ಮಗಳ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ಸಾಲು! ಕನ್ನಡ ಮೀಡಿಯಂನ ಇಂದುಮತಿ ಪೆನ್ನು ಹಿಡಿದಳು. ಆರುನೂರು ಪದಗಳೂ ಬಂದು ಸಾಲಾಗಿ ನಿಂತವು. ಒಂದೂ ಇನ್ನೊಂದರ ಕೈ ಹಿಡಿಯಲೊಲ್ಲದು. ಗಂಡನತ್ತ ನೋಡಿದಳು. ಅವನು ಕೆಮ್ಮಲೂ ಹೆದರಿ ಕೂತಿದ್ದ.

"ಕನ್ನಡದಲ್ಲಿ ಬರಿ ಅಮ್ಮೇ. ಞಾನ್ ಇಂಗ್ಲಿಷ್ ಆಕ್ಕಾಂ," ಇಂಗ್ಲಿಷಿಗೆ ನಾನು ತಿರುಗಿಸ್ತೀನಿ ಎಂದು ಪಿಸುಗುಟ್ಟಿದಳು ಮಗಳು. ಇಂದುಮತಿ ಬರೆಯುತ್ತ ಹೋದಳು, ಮಗಳು ಪ್ರತಿ ಸಾಲಿನ ಕೆಳಗೇ ಇಂಗ್ಲಿಷಿಗೆ ಇಳಿಸುತ್ತ ಹೋದಳು.

ಎಲ್ಲವನ್ನೂ ನೋಡುತ್ತಿದ್ದ ಸಿಸ್ಟರ್ ಹಾಳೆ ಓದಿ ನಕ್ಕರು. "ನಿಮ್ಮ ಮಗಳಿಗೆ, ಈ ಮೋಳ್‌ಗೆ, ಸೀಟಾಯ್ತು," ಎಂದು ಮಲಯಾಳಂನಲ್ಲೇ ಹೇಳಿ ಮೇಜಿನ ಮೇಲೆ ಇನ್ನೊಂದು ಫಾರಂ ಸರಿಸಿದರು. "ಇದು ನಿಮಗೆ. ಶನಿವಾರ ಅಮ್ಮಂದಿರಿಗೂ ಇಂಗ್ಲಿಷ್ ಕ್ಲಾಸಿದೆ. ಹೆದರಬೇಡಿ, ಅದಕ್ಕೆ ಪ್ರವೇಶ ಪರೀಕ್ಷೆ ಇಲ್ಲ!"