ನಗ್ಗಿದ ಕೆಟಲಿಗಳಿಗೆ ಸೂತಕ

ಈ ಕತೆ ಹೇಳುವ ಅಧಿಕಾರ ನನಗಿದೆಯೋ ಇಲ್ಲವೋ ಎಂಬ ಅನುಮಾನವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಂಗ್ಲಿಷ್ ಹಾಡಿನ ಬಗ್ಗೆ ನನಗೆ ಏನೂ ತಿಳಿಯದು. ಇದರಲ್ಲಿ ಬರುವ ಹಾಡುಗಾರರ ಕ್ಯಾಸೆಟ್ಟನ್ನು ಎರಡು ಸಲ ಕೇಳಿದ್ದೇನೆ, ಎರಡನೆಯ ಸಲ ತಲೆನೋವಿನ ಗುಳಿಗೆ ನುಂಗಿ ಕೇಳಿದೆ. ಬಲ್ಲವರು ತಪ್ಪು ಕಂಡರೆ ಕ್ಷಮಿಸಬೇಕು. ಇದು ಯಾರ ಕತೆಯೋ ಆ ಧನ್ಯಕುಮಾರನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಆದರೂ ಅಳುಕು ಹೋಗಿಲ್ಲ.

೧೯೯೬ರ ಜೂನ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಪೋಸ್ಟ್‌ಮನ್ ಮಾಳಪ್ಪ ಗೋಕಾಕದಲ್ಲಿ ಧನ್ಯಕುಮಾರನ ಮನೆಯೆದುರು ಸೈಕಲ್ ನಿಲ್ಲಿಸಿದ. ಬಂದಾಗಲೆಲ್ಲ ಕಟ್ಟೆಯ ಮೇಲೆ ಕುಳಿತು ನೀರು ಕುಡಿದು ಹೋಗುತ್ತಿದ್ದ ಮನುಷ್ಯ ಅವತ್ತು ಕಟ್ಟೆ ಹತ್ತಲಿಲ್ಲ. ಓಣಿಯ ಆಚೆ ಬದಿಯಲ್ಲೇ ನಿಂತು ಒಂದು ಕಾಗದವನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡೇ ಬೆರಳಲ್ಲಿ ಹಿಡಿದುಕೊಂಡಿದ್ದ.

“ಧನ್ಯಣ್ಣಾರ, ಒಂದೀಟ ಹೊರಗ ಬರ್ರಿ.”

“ಯಾಕ ಮಾಳಪ್ಪಾ, ನೀನ ಒಳಗ ಬಾ.”

“ಇದನ್ನ ಹಿಡಕೊಂಡ ನಾ ಹೆಂಗ ಒಳಗ ಬರ್ಲಿ? ಇಲ್ಲೇ ಓದಿ ಇಲ್ಲೇ ಹರದ ಒಗದ ಬಿಡ್ರಿ.”

ನಮ್ಮ ಕಡೆ ಮದುವೆ ಮುಂಜಿಯ ಕಾಗದದ ಮೂಲೆಗಳಿಗೆ ಅರಿಷಿಣ ಕುಂಕುಮ ಹಚ್ಚಿರುತ್ತಾರೆ. ಸಾವಿನ ಕಾಗದವಾದರೆ ಮೂಲೆ ಹರಿದಿರುತ್ತದೆ. ಅಂಥದನ್ನು ಹೊಸ್ತಿಲು ದಾಟಿಸಬಾರದು, ಹೊರಗೇ ಓದಿ ಹರಿದು ಹಾಕಬೇಕು. ಮಾಳಪ್ಪನ ಕೈಯಲ್ಲಿದ್ದ ಕಾಗದದ ಒಂದು ಮೂಲೆಯಲ್ಲ, ನಾಲ್ಕೂ ಅಂಚು ಹರಿದಿದ್ದವು. ಸುತ್ತಲೂ ಹೆಬ್ಬೆರಳು ದಪ್ಪದ ಕರಿ ಗೆರೆ. ನಡುವೆ ಕಣ್ಣು ಮುಚ್ಚಿ ಬಾಯಿ ತೆರೆದ ಒಬ್ಬ ಹುಡುಗನ ಫೋಟೋ. ಅದರ ಕೆಳಗೆ 1976–1996.

“ಇಪ್ಪತ್ತ ವರ್ಷ. ಹೋಗೂ ವಯಸ್ಸಲ್ಲ ಬಿಡ್ರಿ ಅದು,” ಎಂದು ಮಾಳಪ್ಪ ಟೊಪ್ಪಿಗೆ ತೆಗೆದ.

ಧನ್ಯಕುಮಾರ ಕಾಗದ ನೋಡಿದ. ಅವನ ಎದೆ ಧಸಕ್ಕೆಂದಿದ್ದು ಖರೆ, ಆದರೆ ಸಂತೋಷಕ್ಕೆ. ಸತ್ತವರು ಯಾರೂ ಇರಲಿಲ್ಲ. ಹನ್ನೆರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದಿದ್ದ ‘ಡೆಂಟೆಡ್ ಕೆಟಲ್ಸ್’, ಅಂದರೆ ನಗ್ಗಿದ ಕೆಟಲಿಗಳು, ಮತ್ತೆ ಒಂದಾಗಿ ಹಾಡುತ್ತಾರೆ ಎಂಬ ಸುದ್ದಿ ಅದರಲ್ಲಿತ್ತು. ಇಪ್ಪತ್ತು ತುಂಬಿದ್ದು ಹುಡುಗನಿಗಲ್ಲ, ಆ ಬ್ಯಾಂಡಿಗೆ.

ಇಂಗ್ಲೆಂಡಿನ ಪಂಕ್ ಎಂಬ ಗದ್ದಲದ ಹಾಡಿನ ಬ್ಯಾಂಡಿಗೂ ಗೋಕಾಕದ ಟೇಪ್‌ರೆಕಾರ್ಡರ್ ರಿಪೇರಿಯವನಿಗೂ ಏನು ಸಂಬಂಧ ಎಂದು ಕೇಳಬಹುದು. ಹನ್ನೊಂದು ವರ್ಷದ ಹಿಂದೆ ಫಾಲ್ಸ್ ನೋಡಲು ಬಂದ ಒಬ್ಬ ಬಿಳಿಯ ಪ್ರವಾಸಿ ರೀಲು ಸಿಕ್ಕಿಕೊಂಡ ಒಂದು ಕ್ಯಾಸೆಟ್ಟನ್ನು ಧನ್ಯಕುಮಾರನ ಅಂಗಡಿಯಲ್ಲಿ ಕೊಟ್ಟು, ಮರುದಿನ ಮರೆತು ಘಟಪ್ರಭಾದಲ್ಲಿ ರೈಲು ಹತ್ತಿಬಿಟ್ಟ. ರೀಲನ್ನು ಅಂಟಿಸಿ ಸರಿಮಾಡಿದ ಧನ್ಯಕುಮಾರನಿಗೆ ಪರರ ವಸ್ತು ಇಟ್ಟುಕೊಂಡೆನಲ್ಲ ಎಂದು ನಿದ್ದೆ ಬರಲಿಲ್ಲ. ಡಬ್ಬಿಯ ಮೇಲಿದ್ದ ವಿಳಾಸಕ್ಕೆ ಬರೆದ. ಆ ಕಡೆ ಅಭಿಮಾನಿಗಳ ಪತ್ರಿಕೆ ನಡೆಸುತ್ತಿದ್ದ ಒಬ್ಬ ಬಸ್ ಕಂಡಕ್ಟರ್, ‘ಕ್ಯಾಸೆಟ್ ನೀವೇ ಇಟ್ಟುಕೊಳ್ಳಿ, ಭಾರತದ ನಮ್ಮ ಏಕೈಕ ಅಭಿಮಾನಿಗೆ ನಮಸ್ಕಾರ’ ಎಂದು ಉತ್ತರಿಸಿದ. ತಾನು ಅಭಿಮಾನಿ ಎಂಬುದು ಧನ್ಯಕುಮಾರನಿಗೆ ಗೊತ್ತಾಗಿದ್ದೇ ಆಗ. ಅವರ ನಂಬಿಕೆ ಹುಸಿಮಾಡಬಾರದೆಂದು ಮತ್ತೆ ಮತ್ತೆ ಕೇಳಿದ, ಕೇಳುತ್ತ ಕೇಳುತ್ತ ನಿಜಕ್ಕೂ ಹಾಗೇ ಆದ. ಬ್ಯಾಂಡಿನ ಆ ನಾಲ್ವರಿಗೆ ಬಾರಿಸಲು ಬರುತ್ತಿರಲಿಲ್ಲ, ಹಾಡಲು ಮೊದಲೇ ಬರುತ್ತಿರಲಿಲ್ಲ. ಆದರೂ ಹೆದರುತ್ತಿರಲಿಲ್ಲ. ಬಸ್ಸಿನಲ್ಲಿ ಚಿಲ್ಲರೆ ಕೇಳಲೂ ಹೆದರುವ ಧನ್ಯಕುಮಾರನಿಗೆ ಅದೇ ದೊಡ್ಡ ವಿದ್ಯೆಯಾಗಿ ಕಂಡಿತು.

ಕಂಡಕ್ಟರ್ ತನ್ನ ಅಡಿಗೆಮನೆಯಲ್ಲಿ ಕುಳಿತು ಚಿತ್ರ ಹರಿದು ಅಂಟಿಸಿ, ಝೆರಾಕ್ಸ್ ಮಾಡಿ ವರ್ಷಕ್ಕೆ ಎರಡು ಸಲ ಪತ್ರಿಕೆ ಕಳಿಸುತ್ತಿದ್ದ. ಹರಿದಷ್ಟೂ ಚಂದ ಎಂಬುದು ಆ ಜನರ ಸೊಗಸು. ಯಾವಾಗಲೂ ಲಕೋಟೆಯಲ್ಲಿ ಬರುತ್ತಿದ್ದದ್ದು, ಈ ಸಲ ವಿಶೇಷ ಸಂಚಿಕೆಯೆಂದು ಹಾಗೇ ಬಿಚ್ಚುಮೈಯಲ್ಲಿ ಬಂದಿತ್ತು. ಅದೂ ಎಂಥ ದಿನ ಬಂತೆಂದರೆ, ಮಧ್ಯಾಹ್ನ ಮೂರು ನಲವತ್ತಕ್ಕೆ ಹುಕ್ಕೇರಿಯಲ್ಲಿ ಧನ್ಯಕುಮಾರನ ನಿಶ್ಚಯವಿತ್ತು.

ಅವನಿಗೆ ಮೂವತ್ತನಾಲ್ಕು. ಕೌಜಲಗಿಯ ಹೆಣ್ಣಿನವರು ರಿಪೇರಿ ಕೆಲಸ ಎಂದು ಒಲ್ಲೆ ಎಂದಿದ್ದರು. ಮೂಡಲಗಿಯವರು ಮನೆಗೇ ಬಂದು ಚಹಾ ಕುಡಿಯುವಾಗ ಒಳಕೋಣೆಯ ಟೇಪ್ ಶುರುವಾಗಿ, ಈ ಮನೆಯಲ್ಲಿ ತಲೆಕೆಟ್ಟ ತಮ್ಮನನ್ನು ಕೂಡಿಹಾಕಿದ್ದಾರೆ ಎಂದು ತಿಳಿದು ಎದ್ದು ಹೋಗಿದ್ದರು. ಅಂದಿನಿಂದ ಕೆಟಲಿಗಳ ಸಂಗತಿಯನ್ನು ಅವನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದ. ಹುಕ್ಕೇರಿಯ ಕಿರಾಣಿ ವ್ಯಾಪಾರಿ ವರ್ಧಮಾನ ಮಾತ್ರ ಮಗಳು ದೀಪಾಲಿಯನ್ನು ಕೊಡಲು ಒಪ್ಪಿದ್ದರು. ಇನ್ನು ನಾಲ್ಕು ದಿನಕ್ಕೆ ಆಷಾಢ, ಅದೂ ಆ ವರ್ಷ ಅಧಿಕ ಆಷಾಢ. ಇವತ್ತು ತಪ್ಪಿದರೆ ತಿಂಗಳುಗಟ್ಟಲೆ ಮುಹೂರ್ತವಿರಲಿಲ್ಲ, ಅಷ್ಟು ದಿನ ಕಾಯುವ ಮನುಷ್ಯ ವರ್ಧಮಾನರಲ್ಲ.

ಧನ್ಯಕುಮಾರನ ತುಟಿ ತಡೆಯಲಾರದೆ ಅಗಲವಾಗತೊಡಗಿತು. ಓಣಿಯಲ್ಲಿ ಜನ ನೋಡುತ್ತಿದ್ದಾರೆಂದು ಟಾವೆಲ್ಲಿನಿಂದ ಮುಖ ಮುಚ್ಚಿಕೊಂಡ. ಭುಜ ಕುಲುಕಿದವು.

ಬಾಜೂ ಮನೆಯ ಗುಡ್ಡವ್ವ ಅಷ್ಟು ಕಂಡದ್ದೇ ತಡ, ಕಸಬರಿಗೆ ಒಗೆದು ಓಡಿಬಂದಳು. ಒಳಗೆ ಹೋಗಿ ಸಿಹಿ ಸಜ್ಜಕಕ್ಕೆ ಹಚ್ಚಿದ್ದ ಒಲೆಗೆ ನೀರು ಸುರುವಿ, ಕಟ್ಟೆಯ ಮೇಲೆ ಕುಳಿತು ಸೆರಗು ಬಾಯಿಗಿಟ್ಟಳು.

“ಯಾರಿಗೆ ಅಳಬೇಕೋ ಯಪ್ಪಾ, ಹೆಸರರ ಹೇಳು.”

“ಗುಡ್ಡವ್ವಾ, ಯಾರೂ ಸತ್ತಿಲ್ಲ.”

“ನಿಶ್ಚಯ ಇದ್ದ ದಿನ ಎಲ್ಲಾರೂ ಹಂಗ ಅಂತಾರ ತಮ್ಮಾ. ಮುಚ್ಚಿಟ್ರ ಮುಂದ ಆ ಹುಡುಗಿಗೆ ಬಡೀತೈತಿ.”

ತಾಯಿ ಜಿನ್ನವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಫೋಟೋ ನೋಡಿದರು. ಹುಡುಗನ ಕೂದಲು ಹುಂಜದ ಜುಟ್ಟಿನಂತೆ ನಿಂತಿತ್ತು. ಕೆನ್ನೆಯಲ್ಲೊಂದು ಪಿನ್ನು.

“ಅಯ್ಯ, ಪೋಸ್ಟ್‌ಮಾರ್ಟಂ ಮಾಡಿ ಪಿನ್ ಹಾಕ್ಯಾರಲ್ಲೋ,” ಎಂದರು. “ಯಾರ್ ಮಗಾ ಇಂವ?”

“ಎಪ್ಪತ್ತಾರರಾಗ ಹುಟ್ಯಾನ,” ಎಂದು ಮಾಳಪ್ಪ ನೆನಪಿಸಿದ.

ಗುಡ್ಡವ್ವ ಅಳು ನಿಲ್ಲಿಸಿ ಬೆರಳು ಎಣಿಸಿದಳು. “ಧನ್ಯಾ, ಎಪ್ಪತ್ತಾರರಾಗ ನೀ ಎಲ್ಲಿದ್ದಿ?”

“ಒಂಬತ್ತನೇತ್ತಾ ಓದಾಕತ್ತಿದ್ದೆ ಗುಡ್ಡವ್ವಾ. ಏನ ಕೇಳಾಕತ್ತಿ ನೀ?”

“ಸುಮ್ನ ಕೇಳಿದೆ.”

“ಇವರು ಹಾಡ ಹೇಳವ್ರು ಅವ್ವಾ. ಬದಕ್ಯಾರ. ನಾಕೂ ಮಂದಿ ಬದಕ್ಯಾರ.”

“ಹಂಗಾರ ಬಸದಿ ಮ್ಯಾಲ ಆಣಿ ಮಾಡಿ ಹೇಳು.”

ಧನ್ಯಕುಮಾರ ಲೆಕ್ಕ ಹಾಕಿದ. ಕಾಗದ ಇಂಗ್ಲೆಂಡ್ ಬಿಟ್ಟು ಹದಿನೈದು ದಿನವಾಗಿತ್ತು. ಹಿಂದಿನ ಸಂಚಿಕೆಯಲ್ಲಿ ಡ್ರಮ್ಮಿನವನು ಈಗ ಮೀನಿನ ಅಂಗಡಿ ಇಟ್ಟಿದ್ದಾನೆ, ಎದೆನೋವಿದೆ ಎಂದು ಬೇರೆ ಬಂದಿತ್ತು. ಇಷ್ಟರಲ್ಲಿ ಏನಾದರೂ ಆಗಿದ್ದರೆ? ತಿಳಿಯದ್ದಕ್ಕೆ ಆಣೆ ಇಡುವುದು ಹೇಗೆ?

“ಇವತ್ತಿಗಿ ಬದಕ್ಯಾರೋ ಇಲ್ಲೋ ಪಕ್ಕಾ ಹೇಳಾಕ ಬರೂದಿಲ್ಲವ್ವಾ,” ಎಂದ.

ಗುಡ್ಡವ್ವ ಮತ್ತೆ ಶುರುಮಾಡಿದಳು. ಈ ಸಲ ಓಣಿಯ ಉಳಿದವರೂ ಸೇರಿಕೊಂಡರು. ಹನ್ನೊಂದು ಗಂಟೆಯ ಹೊತ್ತಿಗೆ ಎರಡು ಮನೆಯಿಂದ ರೊಟ್ಟಿ, ಒಂದು ಮನೆಯಿಂದ ಚಹಾದ ಕಿಟ್ಲಿ ಬಂದವು.

“ಹುಕ್ಕೇರಿಯವರಿಗೆ ಇದು ಗೊತ್ತಾಗಬಾರದು,” ಎಂದ ಧನ್ಯಕುಮಾರ.

ಮಾಳಪ್ಪ ಕೆಮ್ಮಿದ. “ಅದರ ಚಿಂತಿ ಬಿಡ್ರಿ. ಹತ್ತರ ಹುಕ್ಕೇರಿ ಬಸ್ಸಿನ ಕಂಡಕ್ಟರ್ ಕಡೆ ಆಗಲೇ ಹೇಳಿ ಕಳಿಸೇನಿ. ಇಂಥಾ ಸುದ್ದಿ ತಡಾ ಮಾಡಬಾರದ್ರಿ. ನಿಮ್ಮ ಕುಂಕುಮದ ಕಾಗದ ಕೊಟ್ಟಾವ ನಾನ, ಇದೂ ನಂದ ಜವಾಬ್ದಾರಿ.”

ಧನ್ಯಕುಮಾರ ಎಸ್‌ಟಿಡಿ ಬೂತಿಗೆ ಓಡಿದ. ವರ್ಧಮಾನರ ಅಂಗಡಿಗೆ ಲೈನ್ ಹತ್ತಿತು.

“ಮಾವಾರ, ನಾನ್ರಿ, ಗೋಕಾಕದಿಂದ.”

“ಬಾಳ ಕೆಟ್ಟ ಅನಸ್ತ ನೋಡ್ರಿ. ಆದ್ರ ಈ ಹೊತ್ತಿನ್ಯಾಗ ನೀವು ಫೋನ್ ಮಾಡಬಾರದಿತ್ತು,” ಎಂದು ಆ ಕಡೆಯವರು ರಿಸೀವರ್ ಇಟ್ಟರು. ಮತ್ತೆ ಹಚ್ಚಿದ. ಎತ್ತಲಿಲ್ಲ.

ತಾನೇ ಹೋಗುತ್ತೇನೆಂದು ಹೊರಟವನನ್ನು ಗುಡ್ಡವ್ವ ಬಾಗಿಲಲ್ಲೇ ತಡೆದಳು. “ಮೈಲಿಗಿ ಮನ್ಯಾಂವ ಹೆಣ್ಣಿನ ಮನಿ ಹೊಸ್ತಲಾ ತುಳದ್ರ ಒದ್ದ ಕಳಸ್ತಾರ. ಬ್ಯಾರೆ ಯಾರನರ ಕಳಸು.”

ಆಗ ನೆನಪಾದವನು ಅಭಿನಂದನ. ಅಂಗಡಿಯ ಬಾಜೂಕೆ ಪಂಪ್‌ಸೆಟ್ ಸಾಮಾನು ಮಾರುವ ಹುಡುಗ, ಇಪ್ಪತ್ತೆಂಟರ ಬ್ರಹ್ಮಚಾರಿ, ಮೋಟಾರ್‌ಸೈಕಲ್ ಇದ್ದವನು. ಗ್ರೀಸು ಬಡಿದ ಅಂಗಿಯಲ್ಲೇ ಓಡಿಬಂದ. ಟ್ರಂಕಿನ ಕತೆ ಪೂರ್ತಿ ಕೇಳಿ ತಲೆ ಕೆರೆದುಕೊಂಡ.

“ಧನ್ಯಣ್ಣಾ, ಬರೇ ಬಾಯಿಲೆ ಹೇಳಿದ್ರ ನಂಬತಾರ? ಸೂತಕದ ಮನಿಯಿಂದ ಯಾರೂ ಮಂಗಳದ ಸಾಮಾನ ಕಳಸೂದಿಲ್ಲ. ಸೀರಿ, ಕಾಯಿ, ಕರದಂಟು, ಉಂಗುರ ಎಲ್ಲಾ ನನ್ನ ಕಡೆ ಕೊಡು. ನೋಡಿದ ಕೂಡ್ಲೆ ಗೊತ್ತಾಗತೈತಿ. ಅವರು ಹೂಂ ಅಂದ್ರ ಅಲ್ಲಿಂದ ಫೋನ್ ಮಾಡ್ತೇನಿ, ನೀ ಜೀಪ್ ಮಾಡ್ಕೊಂಡ ಬಾ.”

ಎಲ್ಲರಿಗೂ ಇದು ಬುದ್ಧಿವಂತಿಕೆಯ ಮಾತಾಗಿ ಕಂಡಿತು. ಜಿನ್ನವ್ವ ತಟ್ಟೆ ಕಟ್ಟಿಕೊಟ್ಟರು. ಪುರಾವೆಗಿರಲಿ ಎಂದು ಆ ಕಾಗದವನ್ನೂ ಕೊಟ್ಟದ್ದಾಯಿತು. ಹೊರಟವನನ್ನು ಧನ್ಯಕುಮಾರನೇ ತಡೆದು, “ಈ ಗ್ರೀಸಿನ ಅಂಗ್ಯಾಗ ಮಂಗಳದ ತಾಟ ಹಿಡಕೊಂಡ ಹೋಗಬ್ಯಾಡ,” ಎಂದು ನಿಶ್ಚಯಕ್ಕೆಂದು ಹೊಲಿಸಿದ್ದ ಹೊಸ ಕೆನೆಬಣ್ಣದ ಶರ್ಟು ಬಿಚ್ಚಿಕೊಟ್ಟ. ಅದು ಅಭಿನಂದನನಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಎರಡು ಗಂಟೆಯಾಯಿತು. ಮೂರಾಯಿತು. ಧನ್ಯಕುಮಾರ ಬನಿಯನ್ನಿನಲ್ಲಿ ಎಸ್‌ಟಿಡಿ ಬೂತಿನ ಮುಂದೆ ಕಾವಲು ನಾಯಿಯಂತೆ ಕುಳಿತಿದ್ದ. ಮೂರು ನಲವತ್ತು ಬಂತು, ಹೋಯಿತು. ಆರು ಗಂಟೆಗೆ ಮನೆಯ ಕಡೆ ಮೋಟಾರ್‌ಸೈಕಲ್ಲಿನ ಸದ್ದು ಕೇಳಿ ಓಡಿಬಂದ.

ಅಭಿನಂದನ ಇಳಿದ. ಹಣೆ ತುಂಬ ಕುಂಕುಮ, ತಲೆಗೆ ಹೊಸ ಟೊಪ್ಪಿಗೆ, ಕೊರಳಲ್ಲಿ ಬಾಡಿದ ಹಾರ. ಬೆರಳಲ್ಲಿ ಒಂದು ಉಂಗುರ.

“ಧನ್ಯಣ್ಣಾ, ನಾ ಎಲ್ಲಾ ಖರೆ ಹೇಳಿದೆ. ಯಾರೂ ಸತ್ತಿಲ್ಲ ಅಂತ ಅವರು ನಂಬಿದ್ರು.”

“ನಂಬಿದ್ರ? ಮತ್ತ?”

“ಹಂಗಾರ ಫೋಟೋದಾಂವ ಯಾರು ಅಂದ್ರು. ನಮ್ಮ ಧನ್ಯಣ್ಣನ ಬೇಕಾದವ್ರು, ಕಾಗದ ಬರೀತಾರ, ಅಂದೆ.” ಅಭಿನಂದನ ನೆಲ ನೋಡಿದ. “ವರ್ಧಮಾನ ಕಾಕಾ ಕಾಗದಾ ತಿರುವಿ ತಿರುವಿ ನೋಡಿದ್ರು. ‘ಸತ್ತಿದ್ರ ಚಲೋ ಇತ್ತಲ್ಲೋ ತಮ್ಮಾ, ಹನ್ನೆರಡ ದಿನಕ್ಕ ಮುಗೀತಿತ್ತು. ಬದಕಿದ್ದ ಮಂದಿ ಮದವಿಗಿ ಬಂದ್ರ ನಾ ಏನ್ ಮಾಡ್ಲಿ?’ ಅಂದ್ರು.”

ಗುಡ್ಡವ್ವ ಹೂಂ ಎಂದಳು. ಅದರಲ್ಲಿ ಅವಳಿಗೆ ತಪ್ಪು ಕಾಣಲಿಲ್ಲ.

“ಅಷ್ಟರಾಗ ಮೂರೂವರಿ ಆತು. ಎಂಬತ್ತ ಮಂದಿ ಊಟಕ್ಕ ಕುಂತಾರ. ಮುನಿ ಮಹಾರಾಜರ ಮುಂದ ಇಟ್ಟ ಮುಹೂರ್ತ. ಎಲ್ಲಾರೂ ನನ್ನ ಕಡೆ ನೋಡಿದ್ರು. ತಾಟ ನನ್ನ ಕೈಯಾಗ ಐತಿ, ಅಂಗಿ ಹೊಸಾದೈತಿ. ‘ನಿಂದ ಲಗ್ನ ಆಗೈತೇನು’ ಅಂದ್ರು. ನಾ ಇಲ್ಲ ಅಂದೆ. ಅದೂ ಖರೆನ ಅಲ್ಲೇನು?”

ಅಭಿನಂದನ ಶರ್ಟಿನ ಗುಂಡಿಗೆ ಕೈ ಹಾಕಿದ. “ಅಂಗಿ ಈಗ ಕೊಡ್ಲ್ಯಾ?”

“ಇರ್ಲಿ, ಇಟ್ಟಕೋ,” ಎಂದ ಧನ್ಯಕುಮಾರ.

ಅವನು ಕಟ್ಟೆಯ ಮೇಲೆ ಕುಳಿತ. ಎದೆಯೊಳಗೆ ಕೈಯಾಡಿಸಿದಂತೆ ದುಃಖವನ್ನು ಹುಡುಕಿದ. ಇತ್ತು, ಇಲ್ಲವೆನ್ನಲಾಗದು. ಆದರೆ ಅದರ ಪಕ್ಕದಲ್ಲೇ, ಬಿಗಿ ಚಪ್ಪಲಿ ಕಳಚಿಟ್ಟಾಗ ಆಗುವಂಥ ಒಂದು ಹಗುರವೂ ಇತ್ತು. ಓಣಿಗೆ ತಿಳಿದಾಯಿತು, ಹುಕ್ಕೇರಿಗೆ ತಿಳಿದಾಯಿತು. ಇನ್ನು ಮುಚ್ಚಿಡಬೇಕಾದದ್ದು ಏನೂ ಉಳಿದಿರಲಿಲ್ಲ.

ಜಿನ್ನವ್ವ, “ಯಾರೂ ಸತ್ತಿಲ್ಲಲಾ. ಅಷ್ಟಾತು ಬಿಡು,” ಎಂದು ಒಲೆ ಹಚ್ಚಲು ಒಳಗೆ ಹೋದರು. ಧನ್ಯಕುಮಾರ ಟ್ರಂಕು ತೆಗೆದು ಪಡಸಾಲೆಯಲ್ಲೇ ಟೇಪ್ ಹಚ್ಚಿದ. ಹಂಚಿನ ಮೇಲೆ ಕಲ್ಲು ಸುರಿದಂತೆ ಹಾಡು ಶುರುವಾಯಿತು.

ಜಿನ್ನವ್ವ ಹೊಗೆಯಲ್ಲೇ ಇಣುಕಿದರು. “ಯಾಕ ಹಿಂಗ ಒದರಾಕತ್ತಾರ ಇವ್ರು?”

“ಸಿಟ್ಟ ಬಂದೈತಿ ಅವ್ವಾ.”

“ಯಾರ ಮ್ಯಾಲ?”

“ಎಲ್ಲಾರ ಮ್ಯಾಲ.”

ಜಿನ್ನವ್ವ ಓಣಿಯ ಕಡೆ, ಕಟ್ಟೆಯ ಮೇಲೆ ಕುಳಿತೇ ಇದ್ದ ಗುಡ್ಡವ್ವ ಮಾಳಪ್ಪರ ಕಡೆ ನೋಡಿದರು. “ಇವತ್ತ ಬರೋಬ್ಬರಿ ಐತಿ. ಇನ್ನೊಂದೀಟ ಜೋರ ಮಾಡು.”

ದೀಪಾಲಿಯೊಂದಿಗೆ ಅಭಿನಂದನನ ಲಗ್ನ ಆಷಾಢಗಳೆರಡೂ ಕಳೆದ ಮೇಲೆ ಆಯಿತು. ಧನ್ಯಕುಮಾರ ಹೋಗಿ ಉಂಡು ಬಂದ. ಇಷ್ಟು ನನಗೆ ಗೊತ್ತಿರುವುದು. ಗೊತ್ತಿಲ್ಲದ್ದೂ ಒಂದಿದೆ. ಅವತ್ತು ಹುಕ್ಕೇರಿಯಲ್ಲಿ ಕೈಯಿಂದ ಕೈಗೆ ಹೋದ ಆ ಫೋಟೋ ಒಳಗೆ ದೀಪಾಲಿಯ ಕೈಗೂ ಬಂದಿತ್ತಂತೆ, ಅವಳು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದಳಂತೆ. ಏನಾದರೂ ಅಂದಳೇ ಎಂದು ಧನ್ಯಕುಮಾರ ಅಭಿನಂದನನನ್ನು ಕೇಳಿದ. ಮುಹೂರ್ತದ ಗಡಿಬಿಡಿಯಲ್ಲಿ ಅವಳನ್ನು ಯಾರೂ ಕೇಳಲಿಲ್ಲ ಎಂದ ಅವನು. ಅವಳಿಗೆ ಏನನ್ನಿಸಿತೋ, ನನಗೆ ಗೊತ್ತಿಲ್ಲ.